ಹೊಳಿ ಒಂದ, ರಾಜ್ಯ ಎರಡ: ಗಡಿಯಾಚೆ ಊರಿನವರ ಜೋಡಿ ಕೂಡಿ ಕೃಷ್ಣಾ ನೀರ ಕಾಯೂದು ಹೆಂಗ

2019ರ ಆಗಸ್ಟ್‌ನಾಗ ಹೊಳಿ ಬರ್ತೈತಿ ಅಂತ ನಮ್ಮನಿಗೆ ಮೊದಲ ಸುದ್ದಿ ಕೊಟ್ಟಾಕಿ ಗಡಿಯಾಚೆ ಮಹಾರಾಷ್ಟ್ರದ ಶಿರೋಳ ತಾಲೂಕಿಗೆ ಕೊಟ್ಟ ನಮ್ಮ ಅಕ್ಕ. ರಾತ್ರಿ ಹತ್ತೂವರಿಗೆ ಫೋನ್ ಹಚ್ಚಿ "ತಮ್ಮಾ, ನೀರ ನಮ್ಮ ಹಿತ್ತಲದ ಬಾವಿ ತನಕಾ ಬಂದೈತಿ, ಹಿಂದ ಒಮ್ಮೆ ಇಷ್ಟ ಬಂದಾಗ ನಿಮ್ಮ ಮೋಟಾರ್ ಮುಳುಗಿತ್ತಲ್ಲ, ಈಗಿಂದೀಗ ಹೋಗಿ ಎತ್ತಿ ಇಡ" ಅಂದ್ಳು. ನಾವ ಮೂರ ಮಂದಿ ಬ್ಯಾಟರಿ ಹಿಡ್ಕೊಂಡು ಹೋಗಿ ಮೋಟಾರ್, ಸ್ಟಾರ್ಟರ್ ಎರಡೂ ಬಿಚ್ಚಿ ಟ್ರ್ಯಾಕ್ಟರ್‌ನಾಗ ಹೇರ್ಕೊಂಡು ಬಂದ್ವಿ, ಮುಂಜಾನಿ ನೋಡಿದ್ರ ಆ ಜಾಗಾದಾಗ ಕಬ್ಬಿನ ಸುಳಿನೂ ಕಾಣ್ತಿರಲಿಲ್ಲ. ಬಾಜೂ ಹೊಲದವ್ರಿಗೆ ಆಚಿ ಕಡೆ ಬೀಗರಿಲ್ಲ, ಅವರ ಎರಡೂ ಮೋಟಾರ್ ಹೋದವು. ಗಡಿಯಾಚೆ ಸಂಬಂಧ ಇದ್ದವರಿಗೆ ಅಷ್ಟ ಸುದ್ದಿ ಸಿಗೂದು, ಉಳಿದವರು ಮುಳುಗೂದು, ಇದು ನನಗ ಇವತ್ತಿಗೂ ಸಹನ ಆಗೂದಿಲ್ಲ. ಅಕ್ಕ ಮಾಡಿದ ಆ ಒಂದ ಫೋನ್ ಇಡೀ ಊರಿಗೆ ಬರೂ ಹಂಗ ಮಾಡೂದು ಹೆಂಗ ಅನ್ನೂದನ್ನ ನಾಲ್ಕೈದ ಮಳಿಗಾಲದಾಗ ಕಲ್ತಿದ್ದನ್ನ ಇಲ್ಲೆ ಬರೀತೀನಿ. ನಮ್ಮದು ಕೃಷ್ಣಾ, ದೂಧಗಂಗಾ ಕಡೆ. ಹಿರಣ್ಯಕೇಶಿ, ಭೀಮಾ ದಂಡಿ ಮಂದಿನೂ ಹೆಸರ ಬದಲಿ ಮಾಡ್ಕೊಂಡು ಇದನ್ನ ಹಂಗ ಬಳಸ್ಬಹುದು.

ಒಂದ ಮಾತ ಮೊದ್ಲ. ನೀರಿನ ಹಂಚಿಕಿ ಬೇರೆ, ನೀರಿನ ಸುದ್ದಿ ಬೇರೆ. 1969ರಾಗ ಬಂದ ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕ 560, ನಮಗ 700, ಆಂಧ್ರಕ್ಕ 800 ಟಿಎಂಸಿ (ಒಂದ ಟಿಎಂಸಿ ಅಂದ್ರ ನೂರ ಕೋಟಿ ಘನ ಅಡಿ ನೀರ) ಅಂತ ಪಾಲ ಮಾಡ್ತು, ಆಮ್ಯಾಲ 2004ರಾಗ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಬಂತು, ಅದರ ತೀರ್ಪಿನ ಜಗಳ ಸುಪ್ರೀಂ ಕೋರ್ಟ್‌ನಾಗ ಐತಿ. ಅದೆಲ್ಲಾ ಸರ್ಕಾರ ಸರ್ಕಾರ ನೋಡ್ಕೋತಾವ. ಆದ್ರ ಮ್ಯಾಲಿನ ಬಂಧಾರದ (ಹೊಳಿಗೆ ಅಡ್ಡ ಕಟ್ಟಿದ ಸಣ್ಣ ಒಡ್ಡಿನ) ಹಲಗಿ ಇವತ್ತ ತೆಗದ್ರು, ಕರೆ ನೀರ, ಅಂದ್ರ ಕಪ್ಪ ಹೊಲಸ ನೀರ, ನಾಳೆ ನಿಮ್ಮ ಜಾಕ್‌ವೆಲ್‌ಗೆ (ಊರಿಗೆ ಹೊಳಿ ನೀರ ಎತ್ತೂ ಬಾವಿಗೆ) ಬರ್ತೈತಿ ಅಂತ ಯಾವ ತೀರ್ಪಿನಾಗೂ ಬರೆದಿರೂದಿಲ್ಲ. ಅದನ್ನ ದಂಡಿ ಮಂದಿ ದಂಡಿ ಮಂದಿಗೆ ಹೇಳ್ಬೇಕು.

ಮೊದಲ ಕೆಲಸ, ನಿಮ್ಮ ಹೊಳಿಯ ಸರಪಳಿ ಬರಕೋರಿ

ಒಂದ ದೊಡ್ಡ ಹಾಳಿ ತಗೊಂಡು ಮಹಾಬಳೇಶ್ವರದಿಂದ ನಿಮ್ಮ ಊರ ತನಕಾ ಹೊಳಿ ಎಳೀರಿ. ನಮ್ಮ ಹಾಳಿ ಹಿಂಗೈತಿ: ಮ್ಯಾಲ ಕೊಯ್ನಾ ಡ್ಯಾಂ, 105 ಟಿಎಂಸಿ, ಕೊಯ್ನಾ ಹೊಳಿ ಕರಾಡದಾಗ ಕೃಷ್ಣಾಕ್ಕ ಕೂಡ್ತೈತಿ. ಅಲ್ಲಿಂದ ಕೆಳಗ ಬಂದ್ರ ಸಾಂಗಲಿ ಹತ್ರ ಹರಿಪುರದಾಗ ವಾರಣಾ ಬಂದು ಕೂಡ್ತೈತಿ, ಅದರ ಡ್ಯಾಂ ಚಾಂದೋಲಿದು, 34 ಟಿಎಂಸಿ. ಅದರ ಕೆಳಗ ನರಸೋಬಾವಾಡಿ, ಅಲ್ಲೆ ಕೊಲ್ಹಾಪುರದ ಪಂಚಗಂಗಾ ಕೂಡ್ತೈತಿ. ಆಮ್ಯಾಲ ಶಿರೋಳ ತಾಲೂಕಿನ ರಾಜಾಪುರ ಬಂಧಾರಾ, ಅದನ್ನ ದಾಟಿದ್ರ ನಮ್ಮ ಚಿಕ್ಕೋಡಿ ಕಡೆ, ಕಲ್ಲೋಳ ಹತ್ರ ದೂಧಗಂಗಾ ಬಂದು ಕೂಡ್ತೈತಿ. ದೂಧಗಂಗಾದ ಮ್ಯಾಲ ಕಾಳಮ್ಮವಾಡಿ ಡ್ಯಾಂ ಐತಿ, 25 ಟಿಎಂಸಿ, ಅದು ಎರಡೂ ರಾಜ್ಯ ಕೂಡಿ ಮಾಡಿದ ಯೋಜನೆ, ಅಂದ್ರ ಕೂಡಿ ಕೆಲಸ ಮಾಡೂದು ಈ ಹೊಳಿಗೆ ಹೊಸದೇನಲ್ಲ. ಕೆಳಗ ಕುಡಚಿ ಸೇತುವೆ, ಹಿಪ್ಪರಗಿ ಬ್ಯಾರೇಜ್, ಕಡೀಕ ಆಲಮಟ್ಟಿ, 519.60 ಮೀಟರಿಗೆ ತುಂಬ್ತೈತಿ, 123 ಟಿಎಂಸಿ.

ಈ ಹಾಳಿ ಮ್ಯಾಲ ಪ್ರತಿ ಜಾಗಾದ ಮುಂದ ಎರಡ ಸಾಲ ಖಾಲಿ ಬಿಡ್ರಿ. ಒಂದರಾಗ ಅಲ್ಲಿ ದಿನಾ ಯಾವ ಅಂಕಿ ಸಿಗ್ತೈತಿ ಅಂತ, ಇನ್ನೊಂದರಾಗ ಅಲ್ಲೆ ನಮಗ ಯಾರ ಗೊತ್ತದಾರ ಅಂತ. ಎರಡನೇ ಸಾಲ ಎಲ್ಲೆಲ್ಲಿ ಖಾಲಿ ಉಳೀತೈತೋ ಅಲ್ಲೆ ನಿಮ್ಮ ಕೆಲಸ ಐತಿ ಅಂತ ತಿಳ್ಕೋರಿ.

ಅಂಕಿ ಓದೂದನ್ನ ಕಲೀರಿ, ಇದು ಭಾಳ ಮುಖ್ಯ

ನಮ್ಮ ಮಂದಿ ಎಡವೂದ ಇಲ್ಲೆ. ಸಾಂಗಲಿಯವ್ರು ಅಡಿ ಒಳಗ ಮಾತಾಡ್ತಾರ, ನಮ್ಮ ಡ್ಯಾಮಿನವ್ರು ಮೀಟರ್ ಒಳಗ, ಪೇಪರಿನವ್ರು ಕ್ಯೂಸೆಕ್ ಅಂತಾರ, ಮಂತ್ರಿಗಳು ಟಿಎಂಸಿ ಅಂತಾರ. ಸಾಂಗಲಿ ಆಯರ್ವಿನ್ ಪೂಲ್ (ಸೇತುವೆ) ಹತ್ರ 40 ಅಡಿ ಅಂದ್ರ ಎಚ್ಚರಿಕೆ, 45 ಅಡಿ ಅಂದ್ರ ಅಪಾಯ. ಕೊಲ್ಹಾಪುರದ ರಾಜಾರಾಮ ಬಂಧಾರದ ಹತ್ರ 39 ಎಚ್ಚರಿಕೆ, 43 ಅಪಾಯ. ಈ ಅಡಿ ಸಮುದ್ರಮಟ್ಟದಿಂದ ಅಳದದ್ದಲ್ಲ, ಆ ಜಾಗಾದಾಗ ನಿಲ್ಲಿಸಿದ ಪಟ್ಟಿಯ ಸೊನ್ನಿಯಿಂದ ಅಳದದ್ದು, ಹಂಗಾಗಿ ಸಾಂಗಲಿ 45ನ್ನ ಕೊಲ್ಹಾಪುರ 45ರ ಜೋಡಿ ಹೋಲಿಸಬ್ಯಾಡ್ರಿ, ಎರಡೂ ಬ್ಯಾರೆ ಬ್ಯಾರೆ. 2019ರಾಗ ಆಯರ್ವಿನ್ ಹತ್ರ 57 ಅಡಿ ದಾಟಿತ್ತು, ಅದನ್ನ ಒಂದ ಗುರ್ತ ಅಂತ ಇಟಗೋರಿ.

ಕ್ಯೂಸೆಕ್ ಅಂದ್ರ ಒಂದ ಸೆಕೆಂಡಿಗೆ ಒಂದ ಘನ ಅಡಿ, ಸುಮಾರ 28 ಲೀಟರ್, ಅಂದ್ರ ಎರಡ ಕೊಡ ನೀರ ಅಂತ ಹೇಳಿದ್ರ ಹೆಣ್ಮಕ್ಕಳಿಗೆ ಬೇಗ ತಿಳೀತೈತಿ. 11,574 ಕ್ಯೂಸೆಕ್ ಒಂದ ದಿನಾ ಪೂರ್ತಿ ಹರದ್ರ ಒಂದ ಟಿಎಂಸಿ. ಈ ಒಂದ ಲೆಕ್ಕ ಬಾಯಿಪಾಠ ಮಾಡ್ರಿ, ಯಾರರ ಬಂದು 3 ಲಕ್ಷ ಕ್ಯೂಸೆಕ್ ಬರಾಕತ್ತೈತಿ ಅಂದ್ರ ದಿನಕ್ಕ ಸುಮಾರ 26 ಟಿಎಂಸಿ ಅಂತ ನೀವ ಅಲ್ಲೆ ನಿಂತ ಹೇಳ್ಬಹುದು, ಆಲಮಟ್ಟಿಯಷ್ಟ ದೊಡ್ಡ ಡ್ಯಾಮೂ ಖಾಲಿ ಇದ್ರ ಐದ ದಿನದಾಗ ತುಂಬ್ತೈತಿ ಅನ್ನೂದೂ ತಿಳೀತೈತಿ.

ನಮಗ ದಿನಾ ಬೇಕಾಗೂದು ಎರಡ ಅಂಕಿ ಕೂಡ್ಸೂದು ಅಷ್ಟ: ರಾಜಾಪುರ ಬಂಧಾರದಿಂದ ಎಷ್ಟ ಬರಾಕತ್ತೈತಿ, ದೂಧಗಂಗಾದಿಂದ ಎಷ್ಟ. ರಾಜಾಪುರದ್ದು 1,00,000, ದೂಧಗಂಗಾದ್ದು 20,000 ಆದ್ರ ಕಲ್ಲೋಳ ಹತ್ರ ಕೃಷ್ಣಾದಾಗ 1,20,000. ಮಳಿಗಾಲದಾಗ ಬೆಳಗಾವಿ ಪೇಪರಿನಾಗ ಬರೂದೂ ಇದ ಲೆಕ್ಕ. ಮ್ಯಾಲಿನ ಮಟ್ಟಾ ನೋಡಾಕ ಕೇಂದ್ರ ಜಲ ಆಯೋಗದ ಪ್ರವಾಹ ಮುನ್ಸೂಚನೆ ವೆಬ್‌ಸೈಟ್ ಐತಿ, ಫ್ಲಡ್‌ವಾಚ್ ಇಂಡಿಯಾ ಅಂತ ಆ್ಯಪೂ ಐತಿ, ಹುಡುಗರ ಫೋನಿನಾಗ ಹಾಕಿ ಕೊಡ್ರಿ.

ಇನ್ನ ಮರಾಠಿ. ಆಚಿ ಕಡೆ ಜಿಲ್ಲಾಡಳಿತದ ಮೆಸೇಜ್ ಮರಾಠಿ ಒಳಗ ಬರ್ತೈತಿ, ಓದಾಕ ಬರ್ಲಿಲ್ಲ ಅಂದ್ರ ಮೆಸೇಜ್ ಸಿಕ್ಕೂ ಉಪಯೋಗ ಇಲ್ಲ. ಐದಾರ ಶಬ್ದ ಸಾಕು: ಪೂರ ಅಂದ್ರ ಮಹಾಪೂರ, ಧರಣ ಅಂದ್ರ ಡ್ಯಾಂ (ನಮ್ಮ ಧರಣಿ ಸತ್ಯಾಗ್ರಹ ಅಲ್ಲ), ವಿಸರ್ಗ ಅಂದ್ರ ಬಿಡೂ ನೀರ, ಇಶಾರಾ ಪಾತಳಿ ಅಂದ್ರ ಎಚ್ಚರಿಕೆ ಮಟ್ಟಾ, ಧೋಕಾ ಪಾತಳಿ ಅಂದ್ರ ಅಪಾಯದ ಮಟ್ಟಾ. ಫೋನ್‌ನಾಗ ಕೇಳೂದು ಇಷ್ಟ, "ದಾದಾ, ಆಜ್ ಪಾಣಿ ಕಿತಿ ಫೂಟ್ ಆಹೆ?" ಅವ್ರು ಅಂಕಿ ಹೇಳ್ತಾರ, ನೀವ ಬರಕೋತೀರಿ, ಮುಗೀತು. ಅವರಿಗೂ ನಮ್ಮ ಕನ್ನಡ ಅಂಕಿ ಭಾಳ ಮಂದಿಗೆ ಬರ್ತಾವ, ಗಡಿ ಊರನ್ಯಾಗ ಭಾಷಾ ಎಂದೂ ಅಡ್ಡ ಬಂದಿಲ್ಲ.

ನೀರ ಎಷ್ಟ ತಾಸಿಗೆ ಮುಟ್ತೈತಿ ಅಂತ ನೀವ ಅಳೀರಿ

ಯಾರರ "ಸಾಂಗಲಿ ನೀರ ಇಷ್ಟ ತಾಸಿಗೆ ನಿಮ್ಮೂರಿಗೆ" ಅಂತ ಹೇಳಿದ್ರ ನಂಬಿ ಕೂಡಬ್ಯಾಡ್ರಿ, ಹೊಳಿ ತುಂಬಿದಾಗಿನ ಓಟ ಬ್ಯಾರೆ, ಖಾಲಿ ಇದ್ದಾಗಿನ ಓಟ ಬ್ಯಾರೆ, ಹಿಪ್ಪರಗಿ ಗೇಟ್ ಹೆಂಗದಾವ ಅನ್ನೂದರ ಮ್ಯಾಲೂ ಬದಲ ಆಗ್ತೈತಿ. ನಾವ ಮಾಡಿದ್ದು ಹಿಂಗ. ನಮ್ಮ ಹೊಳಿ ಗುಡಿ ಮೆಟ್ಟಲಕ್ಕ ಬಿಳಿ ಪೇಂಟ್‌ಲೆ ಅರ್ಧ ಅರ್ಧ ಅಡಿಗೆ ಗೀಟ ಹಾಕಿ ನಂಬರ್ ಬರದ್ವಿ. ಜೂನ್‌ದಿಂದ ಸೆಪ್ಟೆಂಬರ್ ತನಕಾ ಮುಂಜಾನಿ ಆರಕ್ಕ, ಸಂಜಿಕ ಆರಕ್ಕ ಒಬ್ಬರು ನೋಡಿ ವಹಿ ಒಳಗ ಬರೀತಾರ, ಅದರ ಬಾಜೂಕ ಆವತ್ತಿನ ಆಯರ್ವಿನ್ ಅಡಿ, ರಾಜಾಪುರ ಕ್ಯೂಸೆಕ್. ಎರಡ ಮಳಿಗಾಲ ಆದ್ಮ್ಯಾಲ ವಹಿ ತೆರದ್ರ ಮ್ಯಾಲ ನೀರ ಏರಿದ ಹೊತ್ತ, ನಮ್ಮ ಮೆಟ್ಟಲಾ ಮುಳುಗಿದ ಹೊತ್ತ, ನಡುವಿನ ತಾಸ ತಾನ ಕಾಣ್ತಾವ. ನಮ್ಮ ವಹಿ ಬರೆಯೂದು ಎಂಟನೇತ್ತೆ ಓದೂ ಒಬ್ಬ ಹುಡುಗಿ ಮತ್ತ ಆಕಿ ಅಜ್ಜ. ಅಜ್ಜಗ ಕಣ್ಣ ಮಂಜ ಆಗ್ಯಾವ, ಆಕಿ ನಂಬರ್ ಓದಿ ಹೇಳ್ತಾಳ, ಅಜ್ಜ ನೀರಿನ ಬಣ್ಣ, ವಾಸನಿ ಹೇಳ್ತಾನ, ಅದನ್ನೂ ಬರೀತಾರ. "ನೀರ ಕೆಂಪ, ಹೊಸಾ ಮಳಿ ನೀರ" "ನೀರ ತಿಳಿ, ಡ್ಯಾಮಿಂದು" ಅಂತ ಅಜ್ಜ ಹೇಳಿದ್ದು ನಾವ ಹೋಲಿಸಿ ನೋಡಿದ ದಿನ ಎಲ್ಲಾ ಖರೆ ಬಂದೈತಿ.

ಮುಳುಗೂ ಸೇತುವೆ ಪಟ್ಟಿನೂ ಇದರಾಗ ಹಾಕ್ರಿ. ನಮ್ಮ ಕಡೆ ಕಲ್ಲೋಳ-ಯಡೂರ, ಕಾರದಗಾ-ಭೋಜ, ಜತ್ರಾಟ-ಭಿವಶಿ, ಸಿದ್ನಾಳ-ಅಕ್ಕೋಳ, ಮಲಿಕವಾಡ-ದತ್ತವಾಡ ಇವೆಲ್ಲಾ ಕೆಳಮಟ್ಟದ ಸೇತುವೆ. ಇದರಾಗ ಮಲಿಕವಾಡ ನಮ್ಮದು, ದತ್ತವಾಡ ಮಹಾರಾಷ್ಟ್ರದ್ದು, ಒಂದ ಸೇತುವೆ ಎರಡ ರಾಜ್ಯ. ಇಂಥಾ ಸೇತುವೆಗೆ ಎರಡೂ ದಂಡಿಯಾಗ ಒಂದೊಂದ ಮನಿ ಗೊತ್ತ ಮಾಡ್ರಿ, ನೀರ ಸೇತುವೆ ಹತ್ತಿದ ಕೂಡ್ಲೆ ಆ ಮನಿಯವ್ರು ಈ ಮನಿಗೆ ಫೋನ್ ಹಚ್ಬೇಕು, ಬ್ಯಾರೆ ಏನೂ ಬ್ಯಾಡ. ಸಾಲಿ ಹುಡುಗರು, ಹಾಲಿನ ಗಾಡಿ ಅರ್ಧಕ್ಕ ಬಂದು ಸಿಕ್ಕಿ ಬೀಳೂದು ತಪ್ತೈತಿ.

ಗ್ರೂಪ್ ಮಾಡೂದು, ಮತ್ತ ಅದನ್ನ ಕೆಡದಂಗ ಇಡೂದು

ವಾಟ್ಸಾಪ್ ಗ್ರೂಪ್ ಮಾಡೂದು ಎರಡ ನಿಮಿಷದ ಕೆಲಸ, ಆದ್ರ ಮೂರನೇ ದಿನಕ್ಕ ಅದರಾಗ ಗುಡ್ ಮಾರ್ನಿಂಗ್, ಪಕ್ಷದ ವಿಡಿಯೋ ತುಂಬ್ತಾವ, ನೀರಿನ ಸುದ್ದಿ ಬಂದಾಗ ಯಾರೂ ನೋಡಿರೂದಿಲ್ಲ. ಹಂಗಾಗಿ ಊರಿಗೆ ಇಬ್ಬರ ಬರೂ ಹಂಗ ಮಾಡ್ರಿ, ಒಬ್ಬ ಗಂಡ ಒಬ್ಬ ಹೆಣ್ಣ ಇದ್ರ ಚೊಲೋ. ಮೆಸೇಜ್ ಒಂದ ನಮೂನಿ ಇರಲಿ: ಜಾಗಾ, ದಿನಾಂಕ, ಹೊತ್ತ, ಅಂಕಿ, ಏರಾಕತ್ತೈತೋ ಇಳಿಯಾಕತ್ತೈತೋ, ನೋಡಿದವರ ಹೆಸರ. ಫೋಟೋ ಹಾಕಿದ್ರ ಪಟ್ಟಿ ನಂಬರ್ ಕಾಣಬೇಕು. ಮುಂದ ಕಳ್ಸಿದ ವಿಡಿಯೋಕ್ಕ ಜಾಗಾ ಇಲ್ಲ. ಕೊಯ್ನಾ ಒಡೀತು ಅಂತ ಸುಳ್ಳ ವಿಡಿಯೋ ಬಂದ ರಾತ್ರಿ ಮುದುಕರು, ಬಾಣಂತ್ಯಾರು ಮಳ್ಯಾಗ ಹೊರಗ ಓಡಿದ್ದು ನಾನ ಕಣ್ಣಾರೆ ನೋಡೀನಿ.

ಆಲಮಟ್ಟಿ ವಿಷಯನೂ ಗ್ರೂಪ್‌ನಾಗ ಬಂದ ಬರ್ತೈತಿ, ಅದಕ್ಕ ತಯಾರಿರ್ರಿ. ಸಾಂಗಲಿ, ಶಿರೋಳ ಮಂದಿಗೆ ಆಲಮಟ್ಟಿ ಹಿನ್ನೀರಿನಿಂದ ನಾವ ಮುಳುಗ್ತೀವಿ ಅನ್ನೂ ಹೆದರಿಕಿ ಐತಿ, ಅದರಾಗ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯ 2010ರ ತೀರ್ಪು 524.256 ಮೀಟರ್ ತನಕಾ ಎತ್ತರಿಸಾಕ ಒಪ್ಪಿದ ಮ್ಯಾಲ ಅದು ಇನ್ನೂ ಜಾಸ್ತಿ ಆಗೈತಿ. ಮಹಾರಾಷ್ಟ್ರ ಸರ್ಕಾರನ ನೇಮಿಸಿದ ವಡನೇರೆ ಸಮಿತಿ 2019ರ ಪೂರ ನೋಡಿ ಆಲಮಟ್ಟಿ ಕಾರಣ ಅಲ್ಲ ಅಂತ ಹೇಳ್ತು, ಮಳಿ ಮತ್ತ ಹೊಳಿ ಪಾತ್ರದ ಅತಿಕ್ರಮಣದ ಕಡೆ ಬೊಟ್ಟ ಮಾಡ್ತು. ಆದ್ರೂ ಮನಿ ಮುಳುಗಿದವ್ರಿಗೆ ವರದಿ ಓದಿ ತೋರ್ಸಿ ಜಗಳ ಗೆಲ್ಲಾಕ ಹೋಗೂದು ತಪ್ಪು ಅಂತ ನನ್ನ ಮತ. ನಾವ ಮಾಡೂದು ಏನಂದ್ರ, ದಿನಾ ಅವ್ರು ಆಯರ್ವಿನ್ ಅಡಿ ಹಾಕ್ತಾರ, ನಾವ ಆಲಮಟ್ಟಿ ಮಟ್ಟಾ, ಒಳಹರಿವು, ಹೊರಹರಿವು, ಹಿಪ್ಪರಗಿ ಗೇಟ್ ಸ್ಥಿತಿ ಹಾಕ್ತೀವಿ, ನಮಗ ಮುಜುಗರ ಆಗೂ ಅಂಕಿ ಇದ್ರೂ ಹಾಕ್ತೀವಿ. ಮೇಲಿನವ್ರಿಂದ ಸುದ್ದಿ ಬೇಕು ಅಂದ್ರ ಕೆಳಗಿನ ಸುದ್ದಿ ನಾವ ಕೊಡ್ಬೇಕು. 2021ರ ಜೂನ್‌ನಾಗ ಆಗಿನ ಮಹಾರಾಷ್ಟ್ರ ಜಲಸಂಪನ್ಮೂಲ ಮಂತ್ರಿ ಜಯಂತ ಪಾಟೀಲ ಬೆಂಗಳೂರಿಗೆ ಬಂದು ಯಡಿಯೂರಪ್ಪ ಅವರ ಜೋಡಿ ಕುಂತ ಮಾತಾಡಿದ್ದೂ ಇದ ವಿಷಯ, ಡ್ಯಾಂ ನೀರಿನ ಮಾಹಿತಿ ಹೊತ್ತಿಗೆ ಸರಿಯಾಗಿ ಎರಡೂ ಕಡೆ ಹಂಚಿಕೊಳ್ಳೂದು.

ಕರೆ ನೀರ ಬಂದಾಗ ಏನ ಮಾಡೂದು

ಪೂರದಷ್ಟ ಸುದ್ದಿ ಆಗೂದಿಲ್ಲ ಇದು, ಆದ್ರ ನನಗ ಜಾಸ್ತಿ ಸಂಕಟ ಇದರದ್ದ. ಪಂಚಗಂಗಾಕ್ಕ ಕೊಲ್ಹಾಪುರದ ಗಟಾರ ನೀರ, ಇಚಲಕರಂಜಿಯ ಬಟ್ಟಿ ಬಣ್ಣದ ನೀರ ಕೂಡ್ತೈತಿ, ಶಿರೋಳದ ತೇರವಾಡ ಬಂಧಾರದ ಹತ್ರ ಸತ್ತ ಮೀನಿನ ರಾಶಿ ತೇಲಿದ್ದನ್ನ ನೋಡಿದ್ರ ಊಟ ಸೇರೂದಿಲ್ಲ. ನಮ್ಮ ಕಡೆನೂ ಪಾಪ ಇಲ್ಲದವ್ರಲ್ಲ, ನಮ್ಮ ಊರಿನ ಗಟಾರ, ಕಾರ್ಖಾನಿ ನೀರ ಕೆಳಗ ಹಿಪ್ಪರಗಿ ಕಡೆ ಹೋಗ್ತೈತಿ. ಕೊಲ್ಹಾಪುರ ಮಾದರಿ ಬಂಧಾರಕ್ಕ ಮಳಿಗಾಲ ಮುಗಿದ ಮ್ಯಾಲ ಹಲಗಿ ಹಾಕಿ ನೀರ ನಿಲ್ಲಸ್ತಾರ, ಬ್ಯಾಸಿಗಿ ಪೂರ್ತಿ ಹೊಲಸ ಅಲ್ಲೆ ಕೊಳೀತೈತಿ, ಮಳಿ ಹಿಡಿಯೂ ಮುಂದ ಹಲಗಿ ತೆಗದ್ರ ಎಲ್ಲಾ ಒಮ್ಮೆಲೆ ಕೆಳಗ ಬರ್ತೈತಿ. ಹೊಲಸ ಕೊಳಿಯೂ ಮುಂದ ನೀರಿನಾಗಿನ ಆಮ್ಲಜನಕ ತಿಂದ ಹಾಕ್ತೈತಿ, ಮೀನ ಉಸಿರ ಕಟ್ಟಿ ಸಾಯ್ತಾವ. ಹಂಗಾಗಿ ಮೇ ಕಡಿ ವಾರದಾಗನ ಆಚಿ ಊರಿಗೆ ಫೋನ್ ಹಚ್ಚಿ "ಹಲಗಿ ಎಂದ ತೆಗಿತೀರಿ" ಅಂತ ಕೇಳಿ ಇಟಗೋರಿ, ಆ ಎರಡ ದಿನ ಪಂಚಾಯ್ತಿ ಜಾಕ್‌ವೆಲ್ ಬಂದ್ ಮಾಡಿ ಬೋರ್ ನೀರ ಬಿಡಾಕ ಹೇಳ್ರಿ. ಇಷ್ಟ ಮಾಡಿದ್ರ ಆ ವಾರ ದವಾಖಾನಿ ಮುಂದಿನ ಸಾಲ ಕಮ್ಮಿ ಆಗ್ತೈತಿ.

ಕರೆ ನೀರ ಅಚಾನಕ ಬಂದ್ರ ಹಿಂಗ ಮಾಡ್ರಿ. ಮೊದ್ಲ ಫೋಟೋ, ಲೊಕೇಶನ್ ಆನ್ ಮಾಡಿ, ಸತ್ತ ಮೀನ ಇದ್ರ ಬಾಜೂಕ ಒಂದ ಚಪ್ಲಿ ಇಟ್ಟ ತಗೀರಿ, ಅಳತಿ ಗೊತ್ತಾಗ್ತೈತಿ. ಆಮ್ಯಾಲ ಮ್ಯಾಲಿನ ಊರಿಗೆ ಫೋನ್, "ನಿಮ್ಮಲ್ಲೆ ಯಾವಾಗ ಕಂಡಿತು" ಅಂತ, ಅವ್ರು ಅವರ ಮ್ಯಾಲಿನವ್ರಿಗೆ ಕೇಳ್ಬೇಕು, ಹಿಂಗ ಹೊತ್ತ ಜೋಡಿಸ್ಕೊಂತ ಹೋದ್ರ ಎಲ್ಲಿ ತನಕಾ ತಿಳಿ ನೀರ ಐತಿ, ಎಲ್ಲಿಂದ ಕರೆ ಆತು ಅಂತ ಎರಡ ಬಂಧಾರದ ನಡುವ ಬಂದು ನಿಲ್ತೈತಿ. ಈ ಕೆಲಸ ಒಂದ ರಾಜ್ಯದ ಮಂದಿಗಷ್ಟ ಸಾಧ್ಯ ಇಲ್ಲ, ಗಡಿಯಾಚೆ ಗೆಳ್ಯಾರು ಬೇಕು ಅನ್ನೂದು ಇದಕ್ಕ.

ಪಂಚಾಯ್ತಿಯಾಗ ಜಲ ಜೀವನ್ ಮಿಷನ್‌ದ ಫೀಲ್ಡ್ ಟೆಸ್ಟ್ ಕಿಟ್ ಇರ್ತೈತಿ, ತೆರಸ್ರಿ, ಔಷಧದ ಎಕ್ಸ್‌ಪೈರಿ ಡೇಟ್ ನೋಡ್ರಿ. ಲ್ಯಾಬಿಗೆ ಕಳ್ಸೂ ನೀರ ಬಾಟಲಿ ಗಂಟಲ ತನಕಾ ತುಂಬಿ, ಗಾಳಿ ಗುಳ್ಳಿ ಇಲ್ಲದಂಗ ಮುಚ್ಚಿ, ಬರ್ಫಿನ ಡಬ್ಬಿಯಾಗ ಇಟ್ಟ ಆವತ್ತ ಮುಟ್ಟಸ್ರಿ, ಬಿಸಲಾಗ ಇಟ್ಟ ಮರುದಿನ ಒಯ್ದ್ರ ಬಿಒಡಿ (ಹೊಲಸ ಕೊಳಿಯೂ ಮುಂದ ತಿನ್ನೂ ಆಮ್ಲಜನಕದ ಲೆಕ್ಕ) ಅಂಕಿಗೆ ಅರ್ಥ ಇಲ್ಲ. ಅಂಕಿ ಬಂದ ಮ್ಯಾಲ ಹೋಲಿಸಾಕ: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಾರ ಜಳಕಾ ಮಾಡೂ ನೀರಿನಾಗ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಅಥವಾ ಜಾಸ್ತಿ ಇರ್ಬೇಕು, ಬಿಒಡಿ 3 ಅಥವಾ ಕಮ್ಮಿ. ಮೀನಿಗೆ ಆಮ್ಲಜನಕ ಕನಿಷ್ಠ 4 ಬೇಕು. ಒಂದ ಮಾತ ನೆನಪಿಡ್ರಿ, ನೀವ ತುಂಬಿದ ಬಾಟಲಿ ಕೇಸಿಗೆ ಸಾಕ್ಷಿ ಆಗೂದು ಕಷ್ಟ, 1974ರ ಜಲ ಕಾಯ್ದೆ ಪ್ರಕಾರ ಮಂಡಳಿ ಅಧಿಕಾರಿ ತಗೊಂಡ ಸ್ಯಾಂಪಲ್‌ಗೆ ಬೆಲಿ. ನಿಮ್ಮ ಅಂಕಿ ಅವರನ್ನ ಆವತ್ತ ಹೊಳಿ ದಂಡಿಗೆ ಕರ್ಕೊಂಡು ಬರಾಕ.

ದೂರ ಕೊಡೂ ಮುಂದ ಎರಡೂ ರಾಜ್ಯದ ಮಂಡಳಿಗೆ ಒಂದ ಕಾಗದ, ಒಂದ ದಿನಾಂಕ, ಎರಡೂ ಊರಿನವರ ಸಹಿ. ನಾವ ಮೊದಲ ಸಲ ಒಬ್ಬರ ಹೋಗಿದ್ವಿ, ಒಂದ ಕಚೇರಿಯಾಗ "ಮೂಲ ಆಚಿ ಕಡೆ ಐತಿ, ಅಲ್ಲಿ ಕೇಳ್ರಿ" ಅಂದ್ರು, ಆಚಿ ಕಡೆ ಇನ್ನೊಂದ ಕಚೇರಿಯಾಗ "ನೀವ ನಮ್ಮ ರಾಜ್ಯದವ್ರಲ್ಲ" ಅಂದ್ರು, ಹೋಗಿ ಬರೂದರಾಗ ಹೊಳಿ ತಿಳಿ ಆಗಿಹೋತು. ಮುಂದಿನ ಸಲ ಎರಡೂ ದಂಡಿಯವ್ರು ಕೂಡಿ ಹೋದಾಗ ಆ ಮಾತ ಹೇಳಾಕ ಅವ್ರಿಗೆ ದಾರಿನ ಉಳೀಲಿಲ್ಲ. ಮೂರನೇ ಪ್ರತಿ ಕೇಂದ್ರ ಮಂಡಳಿಗೆ ಹಾಕ್ರಿ, ರಾಜ್ಯ ಮಂಡಳಿಗಳ ನಡುವ ಹೊಂದಾಣಿಕಿ ಮಾಡ್ಸೂದು, ಅವರ ವ್ಯಾಜ್ಯ ಬಗಿಹರಸೂದು ಅದರ ಕೆಲಸ ಅಂತ ಅದ ಕಾಯ್ದೆದಾಗ ಐತಿ.

ಮಾಹಿತಿ ಹಕ್ಕಿನ ಅರ್ಜಿ ಮಹಾರಾಷ್ಟ್ರ ಕಚೇರಿಗೂ ನೀವ ಹಾಕ್ಬಹುದು, ದೇಶದ ಯಾವ ನಾಗರಿಕರಾದ್ರೂ ಹಾಕ್ಬಹುದು, ಫೀ 10 ರೂಪಾಯಿ, 30 ದಿನದಾಗ ಉತ್ತರ. ಮರಾಠಿ ಇಲ್ಲಾ ಇಂಗ್ಲಿಷ್‌ನಾಗ ಬರೀರಿ. ಎರಡೂ ರಾಜ್ಯದಾಗ 150 ಶಬ್ದದ ಮಿತಿ, ಒಂದ ಅರ್ಜಿಗೆ ಒಂದ ವಿಷಯ ಅನ್ನೂ ನಿಯಮ ಐತಿ, ಉದ್ದ ಪುರಾಣ ಬರದ್ರ ವಾಪಸ್ ಬರ್ತೈತಿ. ಹಸಿರು ನ್ಯಾಯಮಂಡಳಿಗೆ ಹೋಗೂದಾದ್ರ ಹೊಲಸ ಹುಟ್ಟಿದ್ದು ಮಹಾರಾಷ್ಟ್ರದಾಗ ಇದ್ರ ಪುಣೆ ಪೀಠ, ಕರ್ನಾಟಕದಾಗ ಇದ್ರ ಚೆನ್ನೈ ಪೀಠ, ಆರ ತಿಂಗಳ ಒಳಗ ಹೋಗ್ಬೇಕು. ಇಲ್ಲೆ ನಿಮ್ಮ ವಹಿ ಕೆಲಸಕ್ಕ ಬರ್ತೈತಿ, ದಿನಾಂಕ ಹೊತ್ತ ಬರೆದಿಟ್ಟಿದ್ದು.

ಇದು ನಮ್ಮಲ್ಲಷ್ಟ ಇರೂ ಸಂಕಟ ಅಲ್ಲ. 1986ರ ನವೆಂಬರ್ 1ಕ್ಕ ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ರ ಸ್ಯಾಂಡೋಜ್ ಗೋದಾಮಿಗೆ ಬೆಂಕಿ ಹತ್ತಿ, ಆರಿಸಿದ ನೀರಿನ ಜೋಡಿ ಕೀಟನಾಶಕ ಎಲ್ಲಾ ರೈನ್ ಹೊಳಿಗೆ ಇಳೀತು, ಕೆಳಗ ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್ ಅದಾವ, ನೂರಾರ ಕಿಲೋಮೀಟರ್ ತನಕಾ ಮೀನ ಸತ್ತವು. ಆ ದೇಶಗಳ ನಡುವ ರೈನ್ ಆಯೋಗ 1950ರಿಂದ ಇತ್ತು. ಆ ಬೆಂಕಿ ಆದ್ಮ್ಯಾಲ, 1987ರಾಗ, ಕೂಡಿ ಹೊಳಿ ತೊಳಿಯೂ ಯೋಜನೆಗೆ ಎಲ್ಲಾರೂ ಒಪ್ಪಿದ್ರು, ಈಗ ಹೊಳಿ ಉದ್ದಕ್ಕೂ ಎಚ್ಚರಿಕೆ ಕೇಂದ್ರ ಅದಾವ, ಮ್ಯಾಲ ಏನರ ಚೆಲ್ಲಿದ್ರ ಕೆಳಗಿನ ದೇಶಕ್ಕ ಹೇಳೂ ಪದ್ಧತಿ ಐತಿ. ಬ್ಯಾರೆ ಬ್ಯಾರೆ ಭಾಷಾ ಮಾತಾಡೂ ಮಂದಿ ಮಾಡ್ಯಾರ.

ಬ್ಯಾಸಿಗಿ ನೀರ ಕೇಳೂದು

ಏಪ್ರಿಲ್, ಮೇದಾಗ ಹಿಪ್ಪರಗಿ ಬತ್ತಿದ್ರ ಕೊಯ್ನಾ, ವಾರಣಾದಿಂದ ನೀರ ಬಿಡ್ರಿ ಅಂತ ನಮ್ಮ ಸರ್ಕಾರ ಕೇಳ್ತೈತಿ. ಕೆಲವ ವರ್ಷ ದುಡ್ಡ ಕೊಟ್ಟ ತಗೊಂಡೈತಿ, ಆಮ್ಯಾಲ ಆಚಿಯವ್ರು ದುಡ್ಡ ಬ್ಯಾಡ, ನಮ್ಮ ಸಾಂಗಲಿ ಜಿಲ್ಲಾದ ಜತ್ತ ತಾಲೂಕಿಗೆ ನಿಮ್ಮ ತುಬಚಿ-ಬಬಲೇಶ್ವರ ಯೋಜನೆಯಿಂದ ನೀರ ಕೊಡ್ರಿ ಅಂದ್ರು. 2019ರ ಬ್ಯಾಸಿಗಿಯಾಗ ಅದು ಹೊಂದಲಿಲ್ಲ, ಹೊಳಿ ಉಸಕ ಕಂಡಿತು. ಜತ್ತದಾಗ ಕನ್ನಡ ಮಾತಾಡೂ ಊರ ಎಷ್ಟೋ ಅದಾವ, ಅಲ್ಲೂ ಕುಡಿಯಾಕ ನೀರಿಲ್ಲ. ನಿಮ್ಮ ಪಂಚಾಯ್ತಿ ಠರಾವ ಮಾಡೂ ಮುಂದ "ನಮಗ ನೀರ ಬಿಡ್ರಿ" ಅಂತ ಒಂದ ಸಾಲ ಅಷ್ಟ ಬರೀಬ್ಯಾಡ್ರಿ, ಜತ್ತಕ್ಕ ಕೊಡಾಕ ನಾವ ಒಪ್ಪೀವಿ ಅಂತನೂ ಬರೀರಿ, ಎಪ್ರಿಲ್ ತನಕಾ ಕಾಯದ ಜನವರಿಯಾಗ ಬರೀರಿ, ಆವಾಗ ಡ್ಯಾಮಿನಾಗ ನೀರ ಇರ್ತೈತಿ, ಮಾತಾಡಾಕ ಹೊತ್ತೂ ಇರ್ತೈತಿ.

ವರ್ಷಕ್ಕ ಒಮ್ಮೆರ ಮುಖಾಮುಖಿ ಕೂಡ್ರಿ, ಮೇ ಎರಡನೇ ವಾರ ಚೊಲೋ, ಕಬ್ಬ ಮುಗಿದಿರ್ತೈತಿ. ನಾವ ನರಸೋಬಾವಾಡಿಯಾಗ ಕೂಡ್ತೀವಿ, ಎರಡೂ ಕಡೆ ಮಂದಿ ಹೆಂಗೂ ದತ್ತನ ದರ್ಶನಕ್ಕ ಬರ್ತಾರ. ಹೋದ ವರ್ಷದ ವಹಿ ಎರಡೂ ಕಡೆದ್ದು ಬಾಜೂ ಬಾಜೂ ಇಟ್ಟ ಓದ್ತೀವಿ, ಯಾವ ದಿನ ಸುದ್ದಿ ತಡಾ ಆತು, ಯಾಕ ಆತು, ಯಾರ ಫೋನ್ ಹತ್ತಲಿಲ್ಲ ಅಂತ. ಬದಲಾದ ನಂಬರ್ ತಿದ್ತೀವಿ, ಊರ ಬಿಟ್ಟ ಹೋದವರ ಜಾಗಾಕ್ಕ ಹೊಸಬರನ್ನ ಹಾಕ್ತೀವಿ. ಈ ಸಲ ಬಾಜೂ ಹೊಲದ ಅಣ್ಣನ್ನ ಕರ್ಕೊಂಡು ಹೋಗಿದ್ದೆ, ಎರಡ ಮೋಟಾರ್ ಕಳಕೊಂಡವ್ರು, ಆಚಿ ಕಡೆ ಬಾವಿ ಹತ್ರ ಮನಿ ಇದ್ದ ನಮ್ಮ ಅಕ್ಕನ ನಂಬರ್ ತಮ್ಮ ಫೋನಿನಾಗ ಹಾಕ್ಕೊಂಡ್ರು, ಊರಿಗೆ ಬಂದ ಮರುದಿನ ನನ್ನ ಜೋಡಿ ಹೊಳಿಗೆ ಬಂದು ಮಾಸಿದ ಗೀಟಕ್ಕ ಬಿಳಿ ಪೇಂಟ್ ಮತ್ತೊಮ್ಮೆ ಹಚ್ಚಿದ್ರು.